ಕುಲುಮೆ ಆರುವ ದಿನ ಯಾರಿಗೆ ಮೊದಲು ಗೊತ್ತು?

2024 ರ ಸೆಪ್ಟೆಂಬರ್ 30 ರಂದು ಬ್ರಿಟನ್ನಿನಲ್ಲಿ ಎರಡು ಬೆಂಕಿಗಳು ಒಂದೇ ದಿನ ಆರಿದವು. ಒಂದು, ಇಂಗ್ಲೆಂಡಿನ ರಾಟ್‌ಕ್ಲಿಫ್ ಆನ್ ಸೋರ್ ವಿದ್ಯುತ್ ಸ್ಥಾವರದ್ದು. ಅದು ಆ ದೇಶದಲ್ಲಿ ಕಲ್ಲಿದ್ದಲು ಸುಡುತ್ತಿದ್ದ ಕೊನೆಯ ಸ್ಥಾವರ. ಇನ್ನೊಂದು, ವೇಲ್ಸಿನ ಪೋರ್ಟ್ ಟಾಲ್ಬಟ್ ಉಕ್ಕಿನ ಕಾರ್ಖಾನೆಯಲ್ಲಿ ಉಳಿದಿದ್ದ ಕೊನೆಯ ಊದುಕುಲುಮೆಯದ್ದು, ಅಂದರೆ ಕಲ್ಲಿದ್ದಲಿನ ಬಲದಿಂದ ಅದಿರು ಕರಗಿಸಿ ಕಬ್ಬಿಣ ತೆಗೆಯುವ ಕುಲುಮೆಯದ್ದು. ಎರಡೂ ಕಲ್ಲಿದ್ದಲನ್ನೇ ನಂಬಿದ್ದವು. ಎರಡೂ ಒಂದಲ್ಲ ಒಂದು ದಿನ ನಿಲ್ಲಲೇಬೇಕಿತ್ತು. ಆದರೆ ಅಲ್ಲಿನ ಜನ ಆ ದಿನವನ್ನು ಎದುರಿಸಿದ ರೀತಿ ಬೇರೆ ಬೇರೆ.

ರಾಟ್‌ಕ್ಲಿಫ್‌ನವರಿಗೆ ಸಮಯ ಸಿಕ್ಕಿತ್ತು. 2025 ರೊಳಗೆ ಕಲ್ಲಿದ್ದಲಿನ ವಿದ್ಯುತ್ ನಿಲ್ಲಿಸುತ್ತೇವೆ ಎಂದು ಸರ್ಕಾರ 2015 ರಲ್ಲೇ ಹೇಳಿತ್ತು. 2021 ರಲ್ಲಿ ಆ ಗಡುವನ್ನು ಇನ್ನಷ್ಟು ಬೇಗ ಮಾಡಿ 2024 ರ ಅಕ್ಟೋಬರ್ 1 ಎಂದು ಗೊತ್ತು ಮಾಡಿತು. ಕೊನೆಯಲ್ಲಿ ಅಲ್ಲಿ ಉಳಿದಿದ್ದವರು ಸುಮಾರು 170 ಜನ. ಬೇರೆ ಕೆಲಸ ಕಲಿಯಲು, ನಿವೃತ್ತಿಯ ಲೆಕ್ಕ ಹಾಕಲು, ಮಕ್ಕಳ ಶಾಲೆಯ ಬಗ್ಗೆ ಯೋಚಿಸಲು ವರ್ಷಗಟ್ಟಲೆ ಸಮಯವಿತ್ತು. ಮುಚ್ಚಿದ ಮೇಲೂ ಸ್ಥಾವರವನ್ನು ಕಳಚುವ ಕೆಲಸ ಕೆಲವರಿಗೆ ಸಿಕ್ಕಿತು.

ಪೋರ್ಟ್ ಟಾಲ್ಬಟ್‌ನಲ್ಲಿ ಎರಡೂ ಊದುಕುಲುಮೆಗಳನ್ನು ಅದೇ ವರ್ಷ ಮುಚ್ಚುತ್ತೇವೆ ಎಂದು ಟಾಟಾ ಸ್ಟೀಲ್ ಖಚಿತಪಡಿಸಿದ್ದು 2024 ರ ಜನವರಿಯಲ್ಲಿ. ಜುಲೈನಲ್ಲಿ ಒಂದು ನಿಂತಿತು, ಸೆಪ್ಟೆಂಬರ್ ಕೊನೆಗೆ ಇನ್ನೊಂದು. ಬ್ರಿಟನ್ನಿನ ಒಟ್ಟು ವ್ಯವಹಾರದಲ್ಲಿ 2,800 ವರೆಗೆ ಕೆಲಸಗಳು ಹೋಗುತ್ತವೆ ಎಂದು ಕಂಪನಿ ಹೇಳಿತ್ತು. ಈ ಊದುಕುಲುಮೆಗಳ ಜಾಗಕ್ಕೆ ಬರುವುದು ವಿದ್ಯುತ್ ಚಾಪ ಕುಲುಮೆ, ಹಳೆ ಕಬ್ಬಿಣವನ್ನು ವಿದ್ಯುತ್ತಿನಿಂದ ಕರಗಿಸುವಂಥದ್ದು. 125 ಕೋಟಿ ಪೌಂಡ್ ಯೋಜನೆ, ಅದರಲ್ಲಿ 50 ಕೋಟಿ ಸರ್ಕಾರದ್ದು. ಆದರೆ ಅದು ಉಕ್ಕು ಕೊಡುವುದು 2027 ರ ಕೊನೆಗೋ 2028 ರ ಶುರುವಿಗೋ. ಹೊಸದು ಬರುವ ತನಕ ಒಂದು ಊದುಕುಲುಮೆಯನ್ನಾದರೂ ಉಳಿಸಿಕೊಳ್ಳಿ ಎಂದು ಕಾರ್ಮಿಕ ಸಂಘಗಳು ತಜ್ಞರನ್ನು ಇಟ್ಟುಕೊಂಡು ಒಂದು ಯೋಜನೆಯನ್ನೇ ಮಾಡಿ ಕೊಟ್ಟಿದ್ದವು. ನಷ್ಟ ಜಾಸ್ತಿ, ಆಗುವುದಿಲ್ಲ ಎಂದಿತು ಕಂಪನಿ.

170 ಜನರ ಸ್ಥಾವರವನ್ನೂ ಸಾವಿರಾರು ಜನರ ಕಾರ್ಖಾನೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು, ಗೊತ್ತು. ಆದರೂ ಆ ಎರಡು ಸುದ್ದಿ ಅಕ್ಕಪಕ್ಕ ಓದಿದಾಗಿನಿಂದ ಒಂದು ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಹವಾಮಾನ ಉಳಿಸಲು ದೊಡ್ಡ ಕೈಗಾರಿಕೆಗಳು ಇಂಗಾಲದ ಬಳಕೆಯನ್ನು ಕೈಬಿಡಬೇಕಾದ ಈ ಕಾಲದಲ್ಲಿ ನ್ಯಾಯದ ಮಾತು ಬಂದಾಗ ಎಲ್ಲರೂ ಪರಿಹಾರದ ಮೊತ್ತ ಕೇಳುತ್ತಾರೆ. ನಾನು ಮೊದಲು ತಾರೀಖು ಕೇಳುತ್ತೇನೆ. ಮುಚ್ಚುವ ದಿನ ಯಾರಿಗೆ ಎಷ್ಟು ಮೊದಲು ಗೊತ್ತಾಯಿತು? ಹೊಸದು ಬಂದ ಮೇಲೆ ಹಳೆಯದು ಹೋಯಿತೋ, ಅಥವಾ ಹಳೆಯದು ಹೋಗಿ ಹೊಸದಕ್ಕೆ ಜನ ಕಾಯುತ್ತಾ ಕೂತರೋ?

ಊದುಕುಲುಮೆ ಯಾಕೆ ಹೋಗಬೇಕು ಅನ್ನೋದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಬ್ಬಿಣದ ಅದಿರಿನಲ್ಲಿ ಕಬ್ಬಿಣದ ಜೊತೆ ಆಮ್ಲಜನಕ ಅಂಟಿಕೊಂಡಿರುತ್ತದೆ. ಅದನ್ನು ಕಿತ್ತು ತೆಗೆಯಲು ಕೋಕ್, ಅಂದರೆ ಬೇಯಿಸಿದ ಕಲ್ಲಿದ್ದಲು ಬೇಕು. ಕೋಕ್‌ನ ಇಂಗಾಲ ಆಮ್ಲಜನಕವನ್ನು ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಆಗಿ ಹೊರಗೆ ಹೋಗುತ್ತದೆ. ಹೀಗೆ ಒಂದು ಟನ್ ಉಕ್ಕು ಮಾಡಿದರೆ ಸುಮಾರು ಎರಡು ಟನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಜಗತ್ತು ವರ್ಷಕ್ಕೆ ಸುಮಾರು 190 ಕೋಟಿ ಟನ್ ಉಕ್ಕು ಮಾಡುತ್ತದೆ, ಅದರಲ್ಲಿ ಹತ್ತಿರ ಹತ್ತಿರ ಶೇ 70 ರಷ್ಟು ಈ ದಾರಿಯಲ್ಲೇ. ಹಳೆ ಕಬ್ಬಿಣವನ್ನು ವಿದ್ಯುತ್ತಿನಿಂದ ಕರಗಿಸಿದರೆ ಈ ಹೊಗೆ ಬಹಳ ಕಡಿಮೆ. ಅದಿರಿನಿಂದಲೇ ಮಾಡಬೇಕೆಂದರೆ ಕೋಕ್ ಬದಲು ಹೈಡ್ರೋಜನ್ ಬಳಸಬಹುದು. ಆಗ ಹೊರಗೆ ಬರುವುದು ನೀರಾವಿ. ಸ್ವೀಡನ್ನಿನಲ್ಲಿ ಹೀಗೆ ಮಾಡಿದ ಉಕ್ಕಿನ ಮೊದಲ ಕಂತು 2021 ರಲ್ಲೇ ವೋಲ್ವೋ ಕಂಪನಿಗೆ ಹೋಯಿತು.

ಈ ಹೊಸ ದಾರಿಗಳಲ್ಲಿ ಕೋಕ್ ಒಲೆಗಳಿಲ್ಲ. ಹಳೆ ಕಬ್ಬಿಣ ಕರಗಿಸುವ ಕಡೆ ಅದಿರನ್ನು ಹದ ಮಾಡುವ ಘಟಕವೂ ಬೇಡ, ಕಲ್ಲಿದ್ದಲಿನ ಅಂಗಳವೂ ಬೇಡ. ಅಲ್ಲೆಲ್ಲ ಇದ್ದ ಕೆಲಸಗಳೂ ಬೇಡವಾಗುತ್ತವೆ. "ಹಸಿರು ಉಕ್ಕಿನಲ್ಲಿ ಎಲ್ಲರಿಗೂ ಕೆಲಸ ಇದೆ" ಎಂದು ವೇದಿಕೆ ಮೇಲೆ ಹೇಳುವವರು ಇದನ್ನು ಮುಚ್ಚಿಡಬಾರದು. ಹಳೆ ಕಬ್ಬಿಣದ ಕುಲುಮೆಗೆ ಅಷ್ಟೇ ಉಕ್ಕಿಗೆ ತುಂಬ ಕಡಿಮೆ ಜನ ಸಾಕು. ಅದನ್ನು ಒಪ್ಪಿಕೊಂಡರೆ ಮಾತ್ರ ಮುಂದಿನ ಮಾತು ಪ್ರಾಮಾಣಿಕವಾಗಿರುತ್ತದೆ.

ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಊದುಕುಲುಮೆಗೆ ಒಂದು ಆಯಸ್ಸಿದೆ. ಒಮ್ಮೆ ಹೊತ್ತಿಸಿದರೆ ಹಗಲು ರಾತ್ರಿ ಉರಿಯುತ್ತದೆ, ಸುಮಾರು ಹದಿನೈದು ಇಪ್ಪತ್ತು ವರ್ಷ. ಅಷ್ಟರಲ್ಲಿ ಒಳಗಿನ ಇಟ್ಟಿಗೆಯ ಪದರ ಸವೆದುಹೋಗುತ್ತದೆ. ಆಗ ನಿಲ್ಲಿಸಿ, ಇಡೀ ಒಳಮೈಯನ್ನು ಹೊಸದಾಗಿ ಕಟ್ಟಬೇಕು. ಅದಕ್ಕೆ ದೊಡ್ಡ ಖರ್ಚು. ಆ ಖರ್ಚು ಮಾಡಬೇಕೋ ಬೇಡವೋ ಎಂದು ಕಂಪನಿ ಕೂತು ಯೋಚಿಸುವ ಹೊತ್ತೇ ಕುಲುಮೆಯ ಹಣೆಬರಹ ಬರೆಯುವ ಹೊತ್ತು. ಆ ಹೊತ್ತು ಸುಮಾರಾಗಿ ಯಾವಾಗ ಬರುತ್ತದೆ ಎಂದು ಎಂಜಿನಿಯರುಗಳಿಗೆ ವರ್ಷಗಳ ಮುಂಚೆಯೇ ಗೊತ್ತು. ಆಡಳಿತ ಮಂಡಳಿಗೂ ಗೊತ್ತು, ಸಾಲ ಕೊಟ್ಟ ಬ್ಯಾಂಕಿಗೂ ಗೊತ್ತು. ಕುಲುಮೆಯ ಮುಂದೆ ನಿಲ್ಲುವವನಿಗೆ ಯಾಕೆ ಗೊತ್ತಿರಬಾರದು?

ಅವನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕುಲುಮೆಯ ಬುಡದಲ್ಲಿ ಜೇಡಿಮಣ್ಣಿನಿಂದ ಮುಚ್ಚಿದ ಒಂದು ಬಾಯಿ ಇರುತ್ತದೆ. ದಿನಕ್ಕೆ ಹಲವು ಸಲ ಅದನ್ನು ಡ್ರಿಲ್ಲಿನಿಂದ ಕೊರೆಯುತ್ತಾರೆ. ಸುಮಾರು 1,500 ಡಿಗ್ರಿಯ ಕಬ್ಬಿಣ ಕಾಲುವೆಗೆ ನುಗ್ಗುತ್ತದೆ. ಕಿಟ್ಟ, ಅಂದರೆ ಅದಿರಿನ ಕರಗಿದ ಕಸ, ಮೇಲೆ ತೇಲುತ್ತದೆ, ಅದನ್ನು ಬೇರೆ ದಾರಿಗೆ ಹರಿಸುತ್ತಾರೆ. ಕಬ್ಬಿಣ ಬಸಿದ ಮೇಲೆ ದೊಡ್ಡ ಯಂತ್ರವೊಂದರಿಂದ ಮತ್ತೆ ಮಣ್ಣು ಒತ್ತಿ ಬಾಯಿ ಮುಚ್ಚುತ್ತಾರೆ. ಈಗ ಎಲ್ಲದಕ್ಕೂ ಮೀಟರುಗಳಿವೆ, ಕಂಟ್ರೋಲ್ ರೂಮ್ ಇದೆ. ಆದರೂ ಹರಿಯುವ ಲೋಹದ ಬಣ್ಣ, ಚಿಮ್ಮುವ ಕಿಡಿ, ಕಿಟ್ಟದ ಹರಿವು ನೋಡಿ ಒಳಗೇನು ನಡೀತಿದೆ ಎಂದು ಹೇಳುವ ಹಳಬರು ಇರುತ್ತಾರೆ. ಆ ಅಂದಾಜು ಕೈಗೆ ಬರಲು ವರ್ಷಗಳು ಬೇಕು. ಆ ಕುಲುಮೆ ಆರಿದ ದಿನ ಆ ವಿದ್ಯೆಗೆ ಹೊರಗೆಲ್ಲೂ ಸಂಬಳ ಇಲ್ಲ. ಆರು ವಾರದ ಕಂಪ್ಯೂಟರ್ ತರಬೇತಿ ಕೊಟ್ಟು "ಮರುಕೌಶಲ್ಯ" ಎಂದು ಹೆಸರಿಟ್ಟರೆ ಅವನಿಗೆ ಮಾಡಿದ ಅವಮಾನ ಅದು.

ನಾನು ಪಾಳಿ ಕೆಲಸದ ಮನೆಯಲ್ಲಿ ಬೆಳೆದವಳು. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದರೆ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಓಡಾಡಬೇಕು. ಊಟದ ಹೊತ್ತು, ನೆಂಟರ ಮನೆಗೆ ಹೋಗುವ ದಿನ, ನಮ್ಮ ಓದಿನ ಜಾಗ, ಎಲ್ಲವೂ ಪಾಳಿಯ ಪಟ್ಟಿ ನೋಡಿಕೊಂಡೇ. ಹಾಗಾಗಿ "ಕೆಲಸ ಹೋಯಿತು" ಎಂದಾಗ ಸಂಬಳ ಹೋಯಿತು ಎಂದಷ್ಟೇ ನನಗೆ ಕೇಳಿಸುವುದಿಲ್ಲ. ಒಂದು ಮನೆಯ ದಿನಚರಿ ಪೂರ್ತಿ ಕಳಚಿಬಿತ್ತು ಎಂದು ಕೇಳಿಸುತ್ತದೆ.

ಇದು ಬರೀ ಭಾವನೆಯ ಮಾತಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬಹಳ ವರ್ಷ ಒಂದೇ ಕಡೆ ದುಡಿದು, ಸಾಮೂಹಿಕವಾಗಿ ಕೆಲಸ ಕಳೆದುಕೊಂಡವರ ದಾಖಲೆಗಳನ್ನು ಅರ್ಥಶಾಸ್ತ್ರಜ್ಞರು ನೋಡಿದ್ದಾರೆ. ಐದಾರು ವರ್ಷ ಕಳೆದ ಮೇಲೂ ಅವರ ಗಳಿಕೆ ಶೇ 25 ರಷ್ಟು ಕಡಿಮೆಯೇ ಇತ್ತು. ಅದೇ ರಾಜ್ಯದ ಇನ್ನೊಂದು ಅಧ್ಯಯನದ ಪ್ರಕಾರ, ಕೆಲಸ ಹೋದ ಮರುವರ್ಷ ಇಂಥ ಗಂಡಸರಲ್ಲಿ ಸಾವಿನ ಪ್ರಮಾಣ ಶೇ 50 ರಿಂದ 100 ರಷ್ಟು ಹೆಚ್ಚಿತ್ತು. ನಲವತ್ತನೇ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡವನ ಆಯಸ್ಸಿನಿಂದ ಒಂದರಿಂದ ಒಂದೂವರೆ ವರ್ಷ ಹೋದ ಹಾಗೆ. ಇವರು ಹವಾಮಾನ ನೀತಿಯಿಂದ ಕೆಲಸ ಕಳೆದುಕೊಂಡವರಲ್ಲ. ಆದರೆ ಬಾಗಿಲು ಮುಚ್ಚಿದಾಗ ದೇಹದ ಮೇಲೆ ಬೀಳುವ ಪೆಟ್ಟು ಕಾರಣ ಕೇಳುವುದಿಲ್ಲ.

1977 ರ ಸೆಪ್ಟೆಂಬರ್ 19, ಸೋಮವಾರ. ಓಹಾಯೋದ ಯಂಗ್ಸ್‌ಟೌನ್‌ನಲ್ಲಿ ಒಂದು ಉಕ್ಕಿನ ಕಂಪನಿ ತನ್ನ ದೊಡ್ಡ ಕಾರ್ಖಾನೆ ಮುಚ್ಚುವುದಾಗಿ ಹೇಳಿತು. ಸುಮಾರು 5,000 ಜನರ ಕೆಲಸ ಹೋಯಿತು. ಆ ಊರಿನವರು ಆ ದಿನವನ್ನು ಇವತ್ತಿಗೂ ಕರಾಳ ಸೋಮವಾರ ಅಂತಲೇ ಕರೆಯುತ್ತಾರೆ. ದೊಡ್ಡ ಕಾರ್ಖಾನೆ ಮುಚ್ಚುವವರು 60 ದಿನ ಮೊದಲು ತಿಳಿಸಬೇಕು ಎಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1988 ರಲ್ಲಿ. 60 ದಿನ! ಬಾಡಿಗೆ ಮನೆ ಬಿಡಲು ಸಾಕಾಗಬಹುದು, ಬದುಕು ಬದಲಿಸಲು ಅಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಹೇಜಲ್‌ವುಡ್ ವಿದ್ಯುತ್ ಸ್ಥಾವರದವರಿಗೆ ಸಿಕ್ಕಿದ್ದು ಐದು ತಿಂಗಳು. 2016 ರ ನವೆಂಬರಿನಲ್ಲಿ ಘೋಷಣೆ, 2017 ರ ಮಾರ್ಚಿನಲ್ಲಿ ಬೀಗ. ಆ ರಾಜ್ಯದ ವಿದ್ಯುತ್ತಿನ ಐದನೇ ಒಂದು ಪಾಲಿಗಿಂತ ಜಾಸ್ತಿ ಕೊಡುತ್ತಿದ್ದ ಸ್ಥಾವರ ಅದು. ಸರ್ಕಾರ ಆಮೇಲೆ ಓಡಿ ಬಂದು ಸ್ಥಾವರವಿದ್ದ ಲಾಟ್ರೋಬ್ ಕಣಿವೆಗೆಂದೇ ಒಂದು ಪ್ರಾಧಿಕಾರ ಮಾಡಿತು, ಬೇರೆ ಸ್ಥಾವರಗಳ ಹಿರಿಯರು ಬೇಗ ನಿವೃತ್ತಿಯಾಗಿ ಇಲ್ಲಿನ ಕಿರಿಯರಿಗೆ ಜಾಗ ಬಿಡುವ ಯೋಜನೆ ತಂದಿತು. ಒಳ್ಳೆಯ ಯೋಜನೆಯೇ. ಅದನ್ನು ಐದು ವರ್ಷ ಮೊದಲು ಶುರು ಮಾಡಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವು ಅನ್ನಿಸುತ್ತದೆ. ಈ ಪೆಟ್ಟಿನ ನಂತರವೇ ದೊಡ್ಡ ಸ್ಥಾವರಗಳು ಮುಚ್ಚುವುದನ್ನು ಕನಿಷ್ಠ ಮೂರು ವರ್ಷ ಮೊದಲು ತಿಳಿಸಬೇಕು ಎಂಬ ನಿಯಮ ಅಲ್ಲಿ ಬಂತು.

ಹಾಗಾದರೆ ನಿಧಾನವಾಗಿ ಮಾಡಿದರೆ ಸಾಕೇ? ಜರ್ಮನಿಯ ರೂರ್ ಪ್ರದೇಶವನ್ನು ಎಲ್ಲರೂ ಮಾದರಿ ಎಂದು ತೋರಿಸುತ್ತಾರೆ. 1950 ರ ದಶಕದಲ್ಲಿ ಜರ್ಮನಿಯ ಕಲ್ಲಿದ್ದಲು ಗಣಿಗಳಲ್ಲಿ ಸುಮಾರು ಆರು ಲಕ್ಷ ಜನ ಇದ್ದರು, ಬಹುಪಾಲು ರೂರ್‌ನಲ್ಲೇ. ಕೊನೆಯ ಗಣಿ ಬಾಟ್ರಾಪ್‌ನಲ್ಲಿ ಮುಚ್ಚಿದ್ದು 2018 ರ ಡಿಸೆಂಬರ್ 21 ರಂದು. ಮುಗಿಸುವ ತೀರ್ಮಾನ 2007 ರಲ್ಲೇ ಆಗಿತ್ತು. ಹನ್ನೊಂದು ವರ್ಷದ ನೋಟಿಸು ಅದು. ಯಾರನ್ನೂ ಬೀದಿಗೆ ತಳ್ಳುವುದಿಲ್ಲ ಎಂದು ಮಾತು ಕೊಟ್ಟು, ಬೇಗ ನಿವೃತ್ತಿ, ಬೇರೆ ಗಣಿಗೆ ವರ್ಗ, ಮರುತರಬೇತಿ, ಹೀಗೆ ಹತ್ತು ದಾರಿಯಲ್ಲಿ ಜನರನ್ನು ದಾಟಿಸಿದರು. 1960 ರ ದಶಕದಲ್ಲಿ ಬೋಹುಮ್, ಡಾರ್ಟ್‌ಮುಂಡ್‌ಗಳಲ್ಲಿ ವಿಶ್ವವಿದ್ಯಾಲಯ ಕಟ್ಟಿದರು. ಗಣಿ ಕಾರ್ಮಿಕರ ಮಕ್ಕಳು ಮನೆಯಿಂದಲೇ ಹೋಗಿ ಓದಿದರು. ನನಗೆ ಇದರಲ್ಲಿ ಅತಿ ದೊಡ್ಡದಾಗಿ ಕಾಣುವುದು ಆ ವಿಶ್ವವಿದ್ಯಾಲಯಗಳೇ. ಕಾರ್ಮಿಕನಿಗೆ ಕೊಟ್ಟ ಪರಿಹಾರ ಅವನ ಕಾಲಕ್ಕೆ ಮುಗಿಯುತ್ತದೆ. ಮಗಳ ಓದು ಮುಂದಕ್ಕೂ ಹೋಗುತ್ತದೆ.

ಆದರೆ ರೂರ್ ಕೂಡ ಪೂರ್ತಿ ಗೆದ್ದಿಲ್ಲ. ಅಲ್ಲಿನ ಗೆಲ್ಸನ್‌ಕಿರ್ಖೆನ್ ನಗರ ಇವತ್ತಿಗೂ ಜರ್ಮನಿಯಲ್ಲಿ ನಿರುದ್ಯೋಗ ಅತಿ ಜಾಸ್ತಿ ಇರುವ ಊರುಗಳಲ್ಲಿ ಒಂದು. ಇದ್ದವರಿಗೆ ನಿವೃತ್ತಿ ವೇತನ ಸಿಕ್ಕಿತು, ಆದರೆ ಮುಂದೆ ಕೆಲಸ ಹುಡುಕುವ ಹುಡುಗರಿಗೆ ಆ ಹುದ್ದೆಗಳೇ ಇರಲಿಲ್ಲ. ಮತ್ತೆ, ಅರವತ್ತು ವರ್ಷ ತೆಗೆದುಕೊಳ್ಳುವಷ್ಟು ಪುರುಸೊತ್ತು ಈಗ ಯಾರಿಗೂ ಇಲ್ಲ. ಇಲ್ಲಿ ನಾನು ಖಡಾಖಂಡಿತವಾಗಿ ಹೇಳಬೇಕು: ಕಾರ್ಮಿಕರ ಹೆಸರು ಹೇಳಿಕೊಂಡು ಬದಲಾವಣೆಯನ್ನು ಮುಂದೂಡುವವರು ಕಾರ್ಮಿಕರ ಪರ ಇಲ್ಲ. ಇನ್ನೂ ಹತ್ತು ವರ್ಷ ಏನೂ ಆಗುವುದಿಲ್ಲ ಎಂದು ನಂಬಿಸಿ, ಹತ್ತನೇ ವರ್ಷ ಲೆಕ್ಕ ಕೂಡಲಿಲ್ಲ ಎಂದು ಒಂದೇ ಏಟಿಗೆ ಬೀಗ ಹಾಕುವುದೇ ಇರುವುದರಲ್ಲಿ ಕ್ರೂರವಾದ ದಾರಿ. ಬೇಗ ತೀರ್ಮಾನಿಸಿ, ಬೇಗ ಹೇಳಿ, ಹೊಸದನ್ನು ಬೇಗ ಕಟ್ಟಲು ಶುರು ಮಾಡಿದರೆ ಮಾತ್ರ ಹಳೆಯದನ್ನು ಸಮಾಧಾನವಾಗಿ ಮುಚ್ಚಬಹುದು.

ಕಾರ್ಖಾನೆಯ ಗಾಳಿ ಕುಡಿಯುವವರ ಕಡೆಯಿಂದ ನೋಡಿದರೆ ಈ ಅವಸರ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಇಟಲಿಯ ತಾರಾಂತೋ ಊರಿನಲ್ಲಿ ಯುರೋಪಿನ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದಿದೆ. ಅದರ ಗೋಡೆಗೆ ಹತ್ತಿಕೊಂಡೇ ತಾಂಬುರಿ ಎಂಬ ಬಡಾವಣೆ. ಅದಿರಿನ ಕೆಂಪು ಧೂಳು ಬಾಲ್ಕನಿಗಳ ಮೇಲೆ, ಕಿಟಕಿಗಳ ಮೇಲೆ, ಸ್ಮಶಾನದ ಅಮೃತಶಿಲೆಯ ಗೋರಿಗಳ ಮೇಲೂ ಕೂತು ಅವು ನಸುಗೆಂಪಾಗಿವೆ. ಕಾರ್ಖಾನೆ ಕಡೆಯಿಂದ ಜೋರು ಗಾಳಿ ಬೀಸುವ ದಿನ ಅಲ್ಲಿನ ಶಾಲೆಗಳಿಗೆ ರಜೆ ಕೊಟ್ಟದ್ದಿದೆ. 2012 ರಲ್ಲಿ ನ್ಯಾಯಾಧೀಶರು ಕುಲುಮೆಗಳ ಭಾಗವನ್ನು ಮುಟ್ಟುಗೋಲು ಹಾಕಿಕೊಳ್ಳಲು ಆದೇಶಿಸಿದಾಗ ಸಾವಿರಾರು ಕಾರ್ಮಿಕರು ಅದನ್ನು ವಿರೋಧಿಸಿ ಬೀದಿಗಿಳಿದರು. ಅವರಲ್ಲಿ ಎಷ್ಟೋ ಜನ ಅದೇ ಧೂಳಿನ ಬಡಾವಣೆಗಳವರು. ಮಕ್ಕಳ ಉಸಿರೋ ಮಕ್ಕಳ ಊಟವೋ ಆರಿಸಿಕೊಳ್ಳಿ ಎಂದು ಒಬ್ಬ ಅಪ್ಪನನ್ನು ಕೇಳುವ ಸ್ಥಿತಿಗೆ ಒಂದು ಊರನ್ನು ತಂದು ನಿಲ್ಲಿಸಿದ್ದೇ ದೊಡ್ಡ ಅನ್ಯಾಯ. ಅವನ ಉತ್ತರ ಏನಿದ್ದರೂ ಅದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಊರಿನವರ ಆರೋಗ್ಯವನ್ನು ಕಾಪಾಡುವಲ್ಲಿ ಇಟಲಿ ಸೋತಿದೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2019 ರ ಜನವರಿಯಲ್ಲಿ ಹೇಳಿತು.

ಈ ಎರಡರ ನಡುವೆ ಸಿಕ್ಕಿಬೀಳದ ದಾರಿಯೂ ಇದೆ. ನೆದರ್ಲೆಂಡ್ಸಿನ ಐಮೌಡನ್ ಉಕ್ಕಿನ ಕಾರ್ಖಾನೆಯ ಪಕ್ಕದ ಹಳ್ಳಿಯವರು ಧೂಳಿನ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದಾರೆ. 2020 ರಲ್ಲಿ ಅಲ್ಲಿನ ಕಾರ್ಮಿಕರು ವಾರಗಟ್ಟಲೆ ಮುಷ್ಕರ ಮಾಡಿ ಉದ್ಯೋಗದ ಭರವಸೆ ಪಡೆದರು. ಆಮೇಲೆ ಕಾರ್ಮಿಕ ಸಂಘವೇ ಮುಂದೆ ನಿಂತು ಹೈಡ್ರೋಜನ್ ದಾರಿಯ ಒಂದು ಯೋಜನೆ ಮುಂದಿಟ್ಟಿತು. ಇಂಗಾಲವನ್ನು ಹಿಡಿದು ಸಮುದ್ರದಡಿ ತುಂಬುವ ಯೋಚನೆಯಲ್ಲಿದ್ದ ಕಂಪನಿ 2021 ರ ಸೆಪ್ಟೆಂಬರಿನಲ್ಲಿ ಅದನ್ನು ಬಿಟ್ಟು ಈ ದಾರಿಗೆ ಬಂತು. ಅದೇ ಟಾಟಾ ಸ್ಟೀಲ್, ಬೇರೆ ದೇಶ. ಅಲ್ಲೂ ಎಲ್ಲ ಸರಿಹೋಗಿದೆ ಎಂದಲ್ಲ. 2025 ರಲ್ಲಿ ಸುಮಾರು 1,600 ಹುದ್ದೆ ಕಡಿತದ ಸುದ್ದಿ ಬಂದೇ ಬಂತು. ಆದರೆ ಯಾವ ಕುಲುಮೆ, ಯಾವ ಅನಿಲ, ಯಾವ ವರ್ಷ ಎಂಬ ಚರ್ಚೆಯಲ್ಲಿ ಕಾರ್ಮಿಕರು ಮೇಜಿನ ಮುಂದೆ ಕೂತಿದ್ದರು. ನೋಟಿಸು ಬಂದ ಮೇಲೆ ಪರಿಹಾರ ಕೇಳುವುದಕ್ಕಿಂತ ಇದು ಎಷ್ಟೋ ಮೇಲು.

ಮೇಜಿನ ಮುಂದೆ ಯಾವತ್ತೂ ಕೂರದವರು ಗುತ್ತಿಗೆ ಕಾರ್ಮಿಕರು. ದಕ್ಷಿಣ ಆಫ್ರಿಕಾದ ಕೊಮಾಟಿ ಕಲ್ಲಿದ್ದಲು ವಿದ್ಯುತ್ ಸ್ಥಾವರ 1961 ರಲ್ಲಿ ಶುರುವಾಗಿ 2022 ರ ಅಕ್ಟೋಬರಿನಲ್ಲಿ ನಿಂತಿತು. ಅದನ್ನು ಬದಲಾಯಿಸುವ ಯೋಜನೆಗೆ ವಿಶ್ವ ಬ್ಯಾಂಕ್ 49.7 ಕೋಟಿ ಡಾಲರ್ ಒಪ್ಪಿತು. ಕಾಯಂ ನೌಕರರಿಗೆ ಬೇರೆ ಸ್ಥಾವರಗಳಲ್ಲಿ ಜಾಗ ಇತ್ತು. ಗುತ್ತಿಗೆಯವರಿಗೆ ಇರಲಿಲ್ಲ. ಸ್ಥಾವರ ನಂಬಿ ಬದುಕಿದ್ದ ಸುತ್ತಲಿನ ಮನೆಗಳಿಗೂ ಇರಲಿಲ್ಲ. ಬದಲಿ ಕೆಲಸಗಳು ಶುರುವಾಗುವ ಮೊದಲೇ ಹಳೆಯದು ನಿಂತುಹೋಗಿತ್ತು. ಊರಿನವರನ್ನು ಸರಿಯಾಗಿ ಕೇಳಿ ಮಾಡಲಿಲ್ಲ ಎಂದು ಆ ದೇಶದ ಅಧ್ಯಕ್ಷರ ಹವಾಮಾನ ಆಯೋಗವೇ ಆಮೇಲೆ ಹೇಳಿತು. ಎಲ್ಲ ಕಡೆಯೂ ಕಥೆ ಹೀಗೇ. ಮುಚ್ಚುವಾಗ ಮಾಡುವ ಪಟ್ಟಿಯಲ್ಲಿ ಕಂಪನಿಯ ಹಾಜರಿ ಪುಸ್ತಕದಲ್ಲಿ ಇದ್ದವರ ಹೆಸರು ಮಾತ್ರ ಬರುತ್ತದೆ. ಇಪ್ಪತ್ತು ವರ್ಷ ಕುಲುಮೆಯ ಕಿಟ್ಟ ಬಾಚಿದವನ ಗುತ್ತಿಗೆ "ಅವಧಿ ಮುಗಿದು" ಹೋಗಿರುತ್ತದೆ. ಕ್ಯಾಂಟೀನಿನ ಹೆಂಗಸು, ಲಾರಿಯ ಕ್ಲೀನರ್, ಗೇಟಿನ ಎದುರು ಟೈರ್ ಪಂಕ್ಚರ್ ಹಾಕುವವನು ಯಾವ ಪಟ್ಟಿಯಲ್ಲೂ ಇಲ್ಲ. ಇವರನ್ನು ಎಣಿಸದೆ ಮಾಡುವ ಯಾವ ಯೋಜನೆಗೂ ನ್ಯಾಯ ಎಂಬ ಹೆಸರು ಇಡಬೇಡಿ ಎಂದು ಕೈಮುಗಿದು ಕೇಳಬೇಕೆನಿಸುತ್ತದೆ.

ಹಳೆಯದು ಹೋಗುವ ಜಾಗದಲ್ಲಿ ಮಾತ್ರ ನ್ಯಾಯದ ಪ್ರಶ್ನೆ ಇರುವುದಿಲ್ಲ, ಹೊಸದು ಬರುವ ಜಾಗದಲ್ಲೂ ಇದೆ. ಹೈಡ್ರೋಜನ್‌ಗೆ, ವಿದ್ಯುತ್ ಕುಲುಮೆಗೆ, ಅಲ್ಯೂಮಿನಿಯಂ ಕಾರ್ಖಾನೆಗೆ ಗಾಳಿಯ ವಿದ್ಯುತ್ ಬೇಕು, ಅದಕ್ಕೆ ಜಾಗ ಬೇಕು. ನಾರ್ವೆಯ ಫೋಸೆನ್‌ನಲ್ಲಿ ಕಟ್ಟಿದ 151 ಗಾಳಿಯಂತ್ರಗಳು ಹಿಮಸಾರಂಗ ಮೇಯಿಸುವ ಸಾಮಿ ಜನರ ಹಕ್ಕನ್ನು ಮುರಿದಿವೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2021 ರ ಅಕ್ಟೋಬರಿನಲ್ಲಿ ಒಮ್ಮತದಿಂದ ಹೇಳಿತು. ತೀರ್ಪು ಬಂದು 500 ದಿನ ಕಳೆದರೂ ಯಂತ್ರಗಳು ತಿರುಗುತ್ತಲೇ ಇದ್ದವು. ಸಿಮೆಂಟಿನದು ಇನ್ನೊಂದು ಬಗೆ. ಸುಣ್ಣಕಲ್ಲನ್ನು ಕಾಯಿಸಿದರೆ ಕಲ್ಲಿನೊಳಗಿಂದಲೇ ಡೈಆಕ್ಸೈಡ್ ಬರುತ್ತದೆ, ಸಿಮೆಂಟಿನ ಹೊಗೆಯ ಅರ್ಧಕ್ಕಿಂತ ಜಾಸ್ತಿ ಅದೇ. ಇಂಧನ ಬದಲಿಸಿದರೆ ಸಾಲದು, ಅನಿಲವನ್ನು ಹಿಡಿದು ಎಲ್ಲೋ ಹೂಳಬೇಕು. ಕಾರ್ಖಾನೆ ಉಳಿಯುತ್ತದೆ, ಕೆಲಸ ಉಳಿಯುತ್ತದೆ, ಆದರೆ ಕೊಳವೆ ಯಾರದೋ ಊರಿನ ಪಕ್ಕ ಹೋಗುತ್ತದೆ. 2020 ರ ಫೆಬ್ರವರಿಯಲ್ಲಿ ಮಿಸಿಸಿಪ್ಪಿಯ ಸಟಾರ್ಶಿಯಾ ಎಂಬ ಸಣ್ಣ ಊರಿನ ಬಳಿ ಡೈಆಕ್ಸೈಡ್ ಕೊಳವೆ ಒಡೆಯಿತು. ಆಮ್ಲಜನಕ ಸಾಲದೆ ಕಾರುಗಳ ಎಂಜಿನ್ ಅಲ್ಲಲ್ಲೇ ನಿಂತವು. ಓಡಿಹೋಗಲು ಹೊರಟವರಲ್ಲಿ ಕೆಲವರು ದಾರಿಯಲ್ಲೇ ಪ್ರಜ್ಞೆ ತಪ್ಪಿದರು. ನಲವತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಸಿಮೆಂಟಿಗೆ ಈ ತಂತ್ರ ಬೇಕೇ ಬೇಕು ಎಂದು ನಾನು ಒಪ್ಪುತ್ತೇನೆ. ಹಾಗಿದ್ದರೆ ಕೊಳವೆ ಹೂಳುವ ಮೊದಲು ಆ ಊರಿನ ಆಂಬುಲೆನ್ಸ್ ಚಾಲಕನಿಗೂ ವಿಷಯ ಗೊತ್ತಿರಬೇಕು, ಅಲ್ವಾ?

ಇದಕ್ಕೆಲ್ಲ ದುಡ್ಡು ಯಾರು ಕೊಡಬೇಕು? ಅಮೆರಿಕದ ತೈಲ, ರಾಸಾಯನಿಕ ಕಾರ್ಮಿಕರ ಸಂಘದ ನಾಯಕ ಟೋನಿ ಮಜ್ಜೋಕಿ ಇದಕ್ಕೆ ಬಹಳ ಹಿಂದೆಯೇ ಒಂದು ಉತ್ತರ ಕೊಟ್ಟಿದ್ದರು. ವಿಷ ಸೇರಿದ ನೆಲವನ್ನು ಸ್ವಚ್ಛ ಮಾಡಲು ಅಮೆರಿಕ 1980 ರಲ್ಲಿ ದೊಡ್ಡ ನಿಧಿಯನ್ನೇ ಮಾಡಿತು. ಮಣ್ಣಿಗೆ ನಿಧಿ ಇದೆ ಎಂದರೆ ಕಾರ್ಮಿಕನಿಗೂ ಇರಬೇಕು ಎಂದರು ಅವರು. ಪರಿಸರಕ್ಕಾಗಿ ಕೆಲಸ ಬಿಡಬೇಕಾದವನಿಗೆ ನಾಲ್ಕು ವರ್ಷದವರೆಗೆ ಪೂರ್ತಿ ಸಂಬಳ ಮತ್ತು ಓದಿನ ಖರ್ಚು. ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಬಂದವರು ಅವರು. ಸೈನಿಕರನ್ನು ಸರ್ಕಾರ ಕಾಲೇಜಿಗೆ ಕಳಿಸಿದ್ದನ್ನು ಕಣ್ಣಾರೆ ಕಂಡಿದ್ದರು. ಆ ನಿಧಿ ಬರಲೇ ಇಲ್ಲ. 2015 ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿ ಕಾರ್ಮಿಕರಿಗೆ ನ್ಯಾಯ ಸಿಗುವಂಥ ಬದಲಾವಣೆಯ ಬಗ್ಗೆ ಒಂದು ಸಾಲು ಮಾತ್ರ ಬಂತು.

ಈಗ ಯುರೋಪ್ ಒಕ್ಕೂಟ ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ, ಗೊಬ್ಬರದ ಆಮದಿನ ಮೇಲೆ ಇಂಗಾಲದ ಸುಂಕ ತಂದಿದೆ. 2026 ರಿಂದ ಅದರ ಹಣದ ಲೆಕ್ಕ ಶುರು. ಹೊಗೆ ಕಡಿಮೆ ಮಾಡಿದವನಿಗೆ ಬೆಲೆ ಸಿಗಬೇಕು, ಸರಿ. ಆದರೆ ಬಡ ದೇಶದ ಕಾರ್ಖಾನೆಯಿಂದ ಬಂದ ಆ ಹಣ ಯುರೋಪಿನ ಖಜಾನೆಯಲ್ಲೇ ಉಳಿದರೆ, ಆ ಬಡ ದೇಶದ ಕುಲುಮೆಯ ಕಾರ್ಮಿಕ ತನ್ನದಲ್ಲದ ಇತಿಹಾಸದ ಬಿಲ್ ಕಟ್ಟಿದ ಹಾಗೆ. ಆ ಹಣ ಅದೇ ಊರುಗಳ ಹೊಸ ಕುಲುಮೆಗೆ, ತರಬೇತಿಗೆ ವಾಪಸ್ ಹೋಗಬೇಕು.

ರೂರ್‌ನ ಇನ್ನೊಂದು ಸಂಗತಿ ಹೇಳಲೇಬೇಕು. ಗಣಿ ತೋಡಿ ತೋಡಿ ಅಲ್ಲಿನ ನೆಲ ಕುಸಿದಿದೆ. ಪಂಪುಗಳು ನಿಂತರೆ ಜನ ಇರುವ ಎಷ್ಟೋ ಜಾಗ ನೀರಿನಡಿ ಹೋಗುತ್ತದೆ. ಹಾಗಾಗಿ ನೀರೆತ್ತುವ ಕೆಲಸ ಎಂದೆಂದಿಗೂ ನಡೆಯಬೇಕು. ಅದರ ಖರ್ಚಿಗೆಂದೇ 2007 ರಲ್ಲಿ ಒಂದು ಪ್ರತಿಷ್ಠಾನ ಮಾಡಿದರು. ಕೊನೆಯ ಗಣಿ ಮುಚ್ಚುವ ಹನ್ನೊಂದು ವರ್ಷ ಮೊದಲೇ, ಕೊನೆ ಇಲ್ಲದ ಖರ್ಚಿಗೆ ಹಣ ಎತ್ತಿಟ್ಟರು. ಆಗುತ್ತದೆ ಎಂದು ಇದರಿಂದ ಗೊತ್ತಾಯಿತು. ಕುಲುಮೆ ಉರಿಯುತ್ತಿರುವಾಗಲೇ, ಲಾಭ ಬರುತ್ತಿರುವಾಗಲೇ, ಪ್ರತಿ ಟನ್ನಿನಿಂದ ಇಷ್ಟು ಎಂದು ಕಾರ್ಮಿಕರ ಮತ್ತು ಊರಿನ ಹೆಸರಿಗೆ ತೆಗೆದಿಡಬಹುದು. ಮುಚ್ಚಿದ ಮೇಲೆ ಕೇಳಿದರೆ ಕಂಪನಿಯ ಹತ್ತಿರ ನಷ್ಟದ ಲೆಕ್ಕ ಮಾತ್ರ ಇರುತ್ತದೆ.

ಜಗತ್ತಿನ ಬಹುಪಾಲು ಊದುಕುಲುಮೆಗಳ ಒಳಮೈ ಹೊಸದು ಮಾಡುವ ಹೊತ್ತು ಈ ದಶಕದಲ್ಲೇ ಬರುತ್ತದೆ. ಅಂದರೆ ಆ ತಾರೀಖುಗಳು ಈಗಾಗಲೇ ಯಾರದೋ ಫೈಲಿನಲ್ಲಿವೆ. ಪ್ರತಿ ಕಾರ್ಖಾನೆಯ ಕಾರ್ಮಿಕ ಸಂಘವೂ ಊರಿನ ಆಡಳಿತವೂ ಇವತ್ತೇ ಕಂಪನಿಗೆ ಪತ್ರ ಬರೆದು ಮೂರು ವಿಷಯ ಕೇಳಲಿ. ನಮ್ಮ ಕುಲುಮೆಯ ತಾರೀಖು ಯಾವುದು? ಆಗ ಇಟ್ಟಿಗೆ ಬದಲಿಸುತ್ತೀರೋ, ಬೇರೆ ದಾರಿ ಹಿಡಿಯುತ್ತೀರೋ? ಗುತ್ತಿಗೆಯವರನ್ನೂ ಸೇರಿಸಿ ಇಲ್ಲಿ ಎಷ್ಟು ಜನ ದುಡಿಯುತ್ತಿದ್ದಾರೆ, ಹೆಸರು ಸಮೇತ ಕೊಡಿ. ಉತ್ತರ ಲಿಖಿತವಾಗಿ ಬರಲಿ.